ಏರ್ ಪಿಸ್ತೂಲ್‌ಗೆ ಯಾವ ಕನ್ನಡಕ? ನಂಬರ್ ಇರುವವರಿಗೆ ಒಂದು ಹೋಲಿಕೆ

“ಟಾರ್ಗೆಟ್ ಚೆನ್ನಾಗಿ ಕಾಣುತ್ತೆ, ಫ್ರಂಟ್ ಸೈಟ್ ಮಾತ್ರ ಮಸುಕು.” ನಲವತ್ತು ದಾಟಿದವರು ರೇಂಜ್‌ಗೆ, ಅಂದರೆ ಶೂಟಿಂಗ್ ಅಭ್ಯಾಸದ ಜಾಗಕ್ಕೆ, ಬರಲು ಶುರುಮಾಡಿದರೆ ಎರಡು ತಿಂಗಳೊಳಗೆ ಈ ಮಾತು ಹೇಳಿಯೇ ಹೇಳುತ್ತಾರೆ. ನಾನೂ ಹೇಳಿದ್ದೆ. ಫ್ರಂಟ್ ಸೈಟ್ ಅಂದರೆ ಪಿಸ್ತೂಲ್ ನಳಿಗೆಯ ತುದಿಯಲ್ಲಿರುವ ಗುರಿಕಡ್ಡಿ. ಬೆಂಗಳೂರಿನಲ್ಲಿ ವಾರಕ್ಕೊಮ್ಮೆ, ಬಿಡುವಿದ್ದರೆ ಎರಡು ಸಲ, 10 ಮೀಟರ್ ಏರ್ ಪಿಸ್ತೂಲ್ ಹೊಡೆಯುವ ಹವ್ಯಾಸ ನನ್ನದು. ವಯಸ್ಸು 48. ದೂರದ ನಂಬರ್ ಮೈನಸ್ 2.50, ಜೊತೆಗೆ ಮುಕ್ಕಾಲು ಪವರ್ ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂ ಸರಿಪಡಿಸುವ ನಂಬರ್), ಈಗ ಚಾಳೀಸೂ ಸೇರಿದೆ. ಮೂರು ವರ್ಷದಲ್ಲಿ ಐದು ಬಗೆಯ ಕನ್ನಡಕ, ಲೆನ್ಸ್ ಎಲ್ಲ ಹಾಕಿ ನೋಡಿದ್ದೇನೆ. ಹೊಸದಾಗಿ ಬರುವವರು ಸುಮ್ನೆ ದುಡ್ಡು ಕಳೆದುಕೊಳ್ಳಬಾರದು ಅಂತ ಎಲ್ಲವನ್ನೂ ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ.

ಕನ್ನಡಕದ ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ದೂರಕ್ಕಾ, ಓದೋಕಾ? ನಮಗೆ ಬೇಕಾಗಿರುವುದು ಎರಡೂ ಅಲ್ಲ. ಚಾಚಿದ ಕೈಯ ತುದಿಗೆ ಬೇಕು.

ಯಾಕೆ ಅಂತ ಒಂದು ಲೆಕ್ಕ ನೋಡಿ. ಏರ್ ಪಿಸ್ತೂಲ್‌ನ ರಿಯರ್ ಸೈಟ್‌ಗೂ (ಕಣ್ಣಿನ ಕಡೆ ಇರುವ, ಕಿಂಡಿಯಿರುವ ಪಟ್ಟಿ) ಫ್ರಂಟ್ ಸೈಟ್‌ಗೂ ನಡುವೆ ಸುಮಾರು 33 ಸೆಂ.ಮೀ. ಅಂತರ, ಮಾದರಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ. ಟಾರ್ಗೆಟ್ ಇರುವುದು 10 ಮೀಟರ್ ಆಚೆ, ಅಂದರೆ ಅದರ ಮೂವತ್ತು ಪಟ್ಟು ದೂರದಲ್ಲಿ. ಕೈ, ಪಿಸ್ತೂಲ್, ಕಣ್ಣು ಎಲ್ಲ ಒಟ್ಟಿಗೆ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ಟೂ (ಏರ್ ಪಿಸ್ತೂಲ್‌ನ ಪುಟ್ಟ ಗುಂಡು) ಒಂದೇ ಮಿಲಿಮೀಟರ್ ಸರಿಯುತ್ತದೆ. ಆದರೆ ರಿಯರ್ ಸೈಟ್‌ನ ಕಿಂಡಿಯೊಳಗೆ ಫ್ರಂಟ್ ಸೈಟ್ ಒಂದು ಮಿಲಿಮೀಟರ್ ಓರೆಯಾಯಿತು ಅಂದುಕೊಳ್ಳಿ, ಪೆಲೆಟ್ 30 ಮಿ.ಮೀ. ಆಚೆ ಹೋಗಿ ಬೀಳುತ್ತದೆ. ಟಾರ್ಗೆಟ್‌ನಲ್ಲಿ 10ರ ವೃತ್ತದ ಅಡ್ಡಳತೆ ಬರೀ 11.5 ಮಿ.ಮೀ., ಅಲ್ಲಿಂದ ಆಚೆಗೆ ಒಂದೊಂದು ಅಂಕಕ್ಕೆ 8 ಮಿ.ಮೀ. ಜಾಗ. ನಟ್ಟನಡುವೆ ಬೀಳಬೇಕಿದ್ದ ಪೆಲೆಟ್ 7ಕ್ಕೆ ಇಳಿದುಬಿಡುತ್ತದೆ. ಹಾಗಾಗಿ ಕಪ್ಪು ವೃತ್ತದ ಅಂಚು ಸ್ವಲ್ಪ ಮಂಜಾಗಿ ಕಂಡರೆ ಅಷ್ಟೇನೂ ನಷ್ಟವಿಲ್ಲ. ಫ್ರಂಟ್ ಸೈಟ್‌ನ ಮೇಲಂಚು, ಅದರ ಎರಡೂ ಕಡೆಯ ಬೆಳಕಿನ ಗೆರೆಗಳು ಚೂಪಾಗಿ ಕಾಣಲೇಬೇಕು. ಕೋಚ್‌ಗಳು “ಫ್ರಂಟ್ ಸೈಟ್ ನೋಡಿ, ಫ್ರಂಟ್ ಸೈಟ್ ನೋಡಿ” ಅಂತ ದಿನವಿಡೀ ಹೇಳುವುದು ಇದಕ್ಕೇ. ಆದರೆ ಕನ್ನಡಕ ಟಾರ್ಗೆಟ್ಟನ್ನೇ ಚೂಪಾಗಿ ತೋರಿಸುತ್ತಿದ್ದರೆ, ಕಣ್ಣು ಎಷ್ಟು ಪ್ರಯತ್ನಪಟ್ಟರೂ ಅತ್ತಲೇ ಓಡುತ್ತದೆ.

ಈಗ ನಂಬರ್ ಲೆಕ್ಕ. ಇದು ಸುಲಭ. 1 ಅನ್ನು ಮೀಟರ್ ದೂರದಿಂದ ಭಾಗಿಸಿದರೆ ಆ ದೂರಕ್ಕೆ ಕಣ್ಣಿಗೆ ಬೇಕಾದ ಪವರ್ ಸಿಗುತ್ತದೆ. ನನ್ನ ಕಣ್ಣಿನಿಂದ ಫ್ರಂಟ್ ಸೈಟ್‌ಗೆ 90 ಸೆಂ.ಮೀ., ಅಂದರೆ ಸುಮಾರು 1.1. ಟಾರ್ಗೆಟ್ 10 ಮೀಟರ್, ಅಂದರೆ 0.1. ಎರಡರ ನಡುವಿನ ಬಿಂದು 0.6. ಲೆನ್ಸ್ ಸಿಗುವುದು ಕಾಲು ಕಾಲು ಪವರ್ ಹೆಜ್ಜೆಯಲ್ಲಿ, ಆದ್ದರಿಂದ ದೂರದ ನಂಬರಿಗೆ +0.50 ಅಥವಾ +0.75 ಕೂಡಿಸಬೇಕು. ನನ್ನ ಮೈನಸ್ 2.50 ಹೀಗೆ ಮೈನಸ್ 2.00 ಆಗುತ್ತದೆ. ದೂರದ ನಂಬರ್ +1.00 ಇರುವವರಿಗೆ +1.50. ಸಿಲಿಂಡರ್, ಆಕ್ಸಿಸ್ (ಸಿಲಿಂಡರ್ ಕೂರುವ ಕೋನ) ಎರಡನ್ನೂ ಮುಟ್ಟುವುದಿಲ್ಲ, ಅವು ಹಾಗೇ ಇರುತ್ತವೆ. 25 ಮೀಟರ್ ಹೊಡೆಯುವವರಿಗೂ ಇದೇ ಲೆಕ್ಕ, ಯಾಕೆಂದರೆ ಟಾರ್ಗೆಟ್ ಎಷ್ಟು ದೂರ ಹೋದರೂ ಕೈಯ ಉದ್ದ ಬದಲಾಗುವುದಿಲ್ಲ.

ಪೂರ್ತಿ ಒಂದು ಪವರ್ ಕೂಡಿಸಿದರೆ ಫ್ರಂಟ್ ಸೈಟ್ ಇನ್ನೂ ಚೂಪಾಗುತ್ತದೆ ಅಲ್ವಾ ಅಂತ ಕೇಳಬಹುದು. ಆಗುತ್ತದೆ. ಆದರೆ ಟಾರ್ಗೆಟ್‌ನ ಕಪ್ಪು ವೃತ್ತ ಬೂದು ಬಣ್ಣದ ಹತ್ತಿಯುಂಡೆಯ ಹಾಗೆ ಹರಡಿಕೊಳ್ಳುತ್ತದೆ, ಅದರ ಕೆಳಗೆ ಎಷ್ಟು ಬಿಳಿ ಬಿಟ್ಟು ಫ್ರಂಟ್ ಸೈಟ್ ನಿಲ್ಲಿಸಬೇಕು ಅನ್ನುವ ಅಂದಾಜೇ ಸಿಗುವುದಿಲ್ಲ. ನಡುಬಿಂದುವಿನಲ್ಲಿ ಇಟ್ಟರೆ ಕಣ್ಣು ತಾನೇ ಸ್ವಲ್ಪ ಹೊಂದಿಸಿಕೊಂಡು ಫ್ರಂಟ್ ಸೈಟ್ ಹಿಡಿಯುತ್ತದೆ, ವೃತ್ತವೂ ವೃತ್ತವಾಗಿ ಉಳಿಯುತ್ತದೆ.

ದಿನ ಹಾಕುವ ದೂರದ ಕನ್ನಡಕ

ಮೂವತ್ತೈದರ ಒಳಗಿನವರಿಗೆ ಇದೇ ಸಾಕು, ನಿಜವಾಗಿ ಸಾಕು. ಆ ವಯಸ್ಸಿನಲ್ಲಿ ಕಣ್ಣಿನ ಒಳಗಿನ ಲೆನ್ಸ್ ಮೆತ್ತಗಿರುತ್ತದೆ, ಒಂದು ಪವರ್ ಹೊಂದಿಸಿಕೊಳ್ಳುವುದು ಅದಕ್ಕೆ ಲೆಕ್ಕಕ್ಕೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಮಾಮೂಲಿ ಕನ್ನಡಕ ಹಾಕಿಕೊಂಡು, ಒಂದು ಕೈ ಜೇಬಿನಲ್ಲಿಟ್ಟು, ಎರಡೂ ಕಣ್ಣು ತೆರೆದುಕೊಂಡು ಏರ್ ಪಿಸ್ತೂಲ್ ಮಿಶ್ರ ತಂಡದಲ್ಲಿ ಬೆಳ್ಳಿ ಗೆದ್ದ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತು. ಆಗ ಅವರಿಗೆ ಐವತ್ತು ದಾಟಿತ್ತು. ಆ ಫೋಟೋ ತೋರಿಸಿ “ನೋಡಿ, ವಿಶೇಷ ಕನ್ನಡಕ ಯಾಕೆ ಬೇಕು?” ಅನ್ನುವವರು ಈಗಲೂ ಸಿಗುತ್ತಾರೆ. ಅವರ ಮಾತಿನಲ್ಲಿ ಅರ್ಧ ಸರಿ ಇದೆ: ಫ್ರೇಮ್ ಮಾಮೂಲಿ ಇದ್ದರೆ ಏನೂ ತೊಂದರೆ ಇಲ್ಲ. ಆದರೆ ಫೋಟೋದಲ್ಲಿ ಕಾಣುವುದು ಫ್ರೇಮ್ ಮಾತ್ರ, ಅದರೊಳಗಿನ ನಂಬರ್ ಕಾಣುವುದಿಲ್ಲವಲ್ಲ. ನಲವತ್ತೈದರ ನಂತರ ದೂರದ ಕನ್ನಡಕದಲ್ಲೇ ಹೊಡೆದರೆ ಮೊದಲ ಇಪ್ಪತ್ತು ಶಾಟ್ ಚೆನ್ನಾಗೇ ಹೋಗುತ್ತವೆ. ಆಮೇಲೆ ಕಣ್ಣು ದಣಿಯುತ್ತದೆ, ಫ್ರಂಟ್ ಸೈಟ್ ಒಮ್ಮೆ ಚೂಪು ಒಮ್ಮೆ ಮಸುಕು ಆಗತೊಡಗುತ್ತದೆ, ಅರವತ್ತನೇ ಶಾಟ್ ಹೊತ್ತಿಗೆ ಹುಬ್ಬಿನ ನಡುವೆ ನೋವು. ನನಗೆ ಆಗಿದ್ದು ಇದೇ.

ಇನ್ನೊಂದು ಸಂಗತಿ. ಮೈನಸ್ ಅರ್ಧ ಪವರ್ ಇರುವವರು ಬರಿಗಣ್ಣಿನಲ್ಲೇ ಸರಿಯಾದ ಜಾಗದಲ್ಲಿ ಇರುತ್ತಾರೆ. ಅವರ ಕಣ್ಣು ತಾನಾಗೇ 2 ಮೀಟರ್‌ಗೆ ಹೊಂದಿಕೊಂಡಿರುತ್ತದೆ. ಸಿಲಿಂಡರ್ ಇಲ್ಲದಿದ್ದರೆ ಅಂಥವರಿಗೆ ನಂಬರ್ ಇಲ್ಲದ ಸೇಫ್ಟಿ ಕನ್ನಡಕ ಒಂದೇ ಸಾಕು.

ಪ್ರೊಗ್ರೆಸಿವ್ ಮತ್ತು ಬೈಫೋಕಲ್

ಇದನ್ನು ನೇರವಾಗಿ ಹೇಳಿಬಿಡುತ್ತೇನೆ: ಬೇಡ. ಬೈಫೋಕಲ್‌ನ ಕೆಳಗಿನ ಭಾಗ ಓದುವುದಕ್ಕೆ, ಅಂದರೆ 40 ಸೆಂ.ಮೀ. ದೂರಕ್ಕೆ. ಮೇಲಿನದು ದೂರಕ್ಕೆ. ಫ್ರಂಟ್ ಸೈಟ್ ಎರಡರಲ್ಲೂ ಸರಿ ಕಾಣುವುದಿಲ್ಲ. ಮೇಲಿನಿಂದ ಕೆಳಕ್ಕೆ ಪವರ್ ಮೆಲ್ಲಗೆ ಬದಲಾಗುವ ಪ್ರೊಗ್ರೆಸಿವ್‌ನಲ್ಲಿ 90 ಸೆಂ.ಮೀ.ಗೆ ಬೇಕಾದ ಪವರ್ ಇದೆ, ಆದರೆ ಅದು ಲೆನ್ಸ್‌ನ ನಡುವೆ ಕಿರಿದಾದ ಓಣಿಯ ಹಾಗೆ ಇರುತ್ತದೆ. ಅಲ್ಲಿಂದ ನೋಡಬೇಕಾದರೆ ಗದ್ದ ಎತ್ತಬೇಕು. ಒಂದೊಂದು ಶಾಟ್‌ಗೂ ಅದೇ ಎತ್ತರಕ್ಕೆ, ಅದೇ ಕೋನಕ್ಕೆ. ಗದ್ದ ಒಂದು ಕೂದಲೆಳೆ ಕೆಳಗಿಳಿದರೆ ಫ್ರಂಟ್ ಸೈಟ್ ಮಾಯ. ಅದೂ ಅಲ್ಲದೆ ಪಿಸ್ತೂಲ್ ಹಿಡಿದು ಅಡ್ಡಕ್ಕೆ ನಿಂತಾಗ ಮುಖ ಪೂರ್ತಿ ಟಾರ್ಗೆಟ್ ಕಡೆ ತಿರುಗಿರುವುದಿಲ್ಲ, ಕಣ್ಣು ಲೆನ್ಸ್‌ನ ಅಂಚಿನ ಕಡೆಯಿಂದ ನೋಡುತ್ತಿರುತ್ತದೆ. ಪ್ರೊಗ್ರೆಸಿವ್‌ನ ಅಂಚಿನಲ್ಲಿ ಗೆರೆಗಳು ಸೊಟ್ಟಗೆ ಕಾಣುತ್ತವೆ. “ಇದರಲ್ಲಿ ಎಲ್ಲ ದೂರವೂ ಬರುತ್ತೆ ಸರ್, ಶೂಟಿಂಗ್‌ಗೂ ಆಗುತ್ತೆ” ಅಂತ ಒಂದು ಅಂಗಡಿಯಲ್ಲಿ ಹೇಳಿದ್ದನ್ನು ನಂಬಿ ನಾನು ದುಬಾರಿಯದೇ ಮಾಡಿಸಿದ್ದೆ. ಆಫೀಸಿಗೆ ಅದು ಬಲು ಅನುಕೂಲವಾಯಿತು. ರೇಂಜ್‌ನಲ್ಲಿ ಸಿಕ್ಕಿದ್ದು ಕತ್ತುನೋವು. ಈಗ ಸ್ಕೋರ್ ಬರೆಯುವಾಗ, ಮೊಬೈಲ್ ನೋಡುವಾಗ ಮಾತ್ರ ಅದನ್ನು ಹಾಕುತ್ತೇನೆ.

ಮಾಮೂಲಿ ಫ್ರೇಮಿನಲ್ಲಿ ಶೂಟಿಂಗ್ ನಂಬರ್

ನಾನು ಹತ್ತರಲ್ಲಿ ಎಂಟು ಜನರಿಗೆ ಹೇಳುವುದು ಇದನ್ನೇ. ಹಳೆಯ ಫ್ರೇಮ್ ಒಂದು ಮನೆಯಲ್ಲಿ ಬಿದ್ದಿರುತ್ತದೆ, ಅದಕ್ಕೆ ಸಿಂಗಲ್ ವಿಷನ್, ಅಂದರೆ ಪೂರ್ತಿ ಒಂದೇ ಪವರಿನ, ಲೆನ್ಸ್ ಹಾಕಿಸಿ. ಗುರಿ ಹಿಡಿಯುವ ಕಣ್ಣಿಗೆ ದೂರದ ನಂಬರ್ ಜೊತೆ +0.50. ಇನ್ನೊಂದು ಕಣ್ಣಿಗೆ ದೂರದ ನಂಬರ್ ಹಾಗೇ ಇರಲಿ, ಓಡಾಡುವಾಗ ಟಾರ್ಗೆಟ್, ಗಡಿಯಾರ, ಎದುರಿನವರ ಮುಖ ಎಲ್ಲ ಸರಿಯಾಗಿ ಕಾಣುತ್ತವೆ. ಖರ್ಚು ಒಂದು ಸಾಧಾರಣ ಜೋಡಿ ಲೆನ್ಸ್‌ನಷ್ಟೇ. ಲೆನ್ಸ್ ಸ್ವಲ್ಪ ದೊಡ್ಡದಿರುವ ಫ್ರೇಮ್ ಒಳ್ಳೆಯದು, ಕಣ್ಣು ಪಕ್ಕಕ್ಕೆ ತಿರುಗಿದರೂ ಫ್ರೇಮಿನ ಕಡ್ಡಿ ಅಡ್ಡ ಬರುವುದಿಲ್ಲ. ಮೂಗಿನ ಮೇಲೆ ಜಾರುವ ಫ್ರೇಮ್ ಬೇಡ. ನಾನು ಹಿಂದೆ ಕಟ್ಟುವ ಒಂದು ದಾರ ಹಾಕಿಕೊಂಡಿದ್ದೇನೆ, ಬೇಸಿಗೆಯಲ್ಲಿ ಬೆವರಿದರೂ ಕನ್ನಡಕ ಅಲುಗಾಡುವುದಿಲ್ಲ.

ಇದರ ಕೊರತೆ ಒಂದೇ. ನಂಬರ್ ಜಾಸ್ತಿ ಇರುವವರಿಗೆ, ಮೈನಸ್ 4 ದಾಟಿದವರಿಗೆ ಅಥವಾ ಸಿಲಿಂಡರ್ ಜೋರಾಗಿರುವವರಿಗೆ, ಲೆನ್ಸ್‌ನ ಅಂಚಿನಿಂದ ನೋಡಿದಾಗ ಚಿತ್ರ ಅಷ್ಟು ಚೊಕ್ಕವಾಗಿರುವುದಿಲ್ಲ. ಕೆಲವರು ಇದರಿಂದ ಗುರಿಯೇ ಪಕ್ಕಕ್ಕೆ ಹೋಗುತ್ತದೆ ಅಂತ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಸೈಟೂ ಟಾರ್ಗೆಟ್ಟೂ ಒಂದೇ ದಾರಿಯಲ್ಲಿ ಕಣ್ಣಿಗೆ ಬರುವುದರಿಂದ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಸರಿಯುತ್ತವೆ. ಕಾಡುವುದು ಮಸುಕು, ಅಷ್ಟೇ. ನಿಲ್ಲುವ ಭಂಗಿಯಲ್ಲಿ ಮುಖವನ್ನು ಇನ್ನಷ್ಟು ಟಾರ್ಗೆಟ್ ಕಡೆ ತಿರುಗಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಶೂಟಿಂಗ್ ಫ್ರೇಮ್

ಟಿವಿಯಲ್ಲಿ ಶೂಟರ್‌ಗಳ ಮುಖದ ಮೇಲೆ ಕಾಣುವ, ತಂತಿಯಂಥ ಫ್ರೇಮಿಗೆ ಒಂದೇ ಗುಂಡು ಲೆನ್ಸ್ ಸಿಕ್ಕಿಸಿರುವ ಸಾಧನ ಇದು. ಕ್ನೋಬ್ಲೊಕ್, ಚಾಂಪಿಯನ್ ಇವು ಹೆಸರಾದ ಕಂಪನಿಗಳು. ಲೆನ್ಸ್ ಸಾಮಾನ್ಯವಾಗಿ 23 ಅಥವಾ 37 ಮಿ.ಮೀ. ಅಡ್ಡಳತೆಯದು. ಲೆನ್ಸ್ ಹಿಡಿಯುವ ಬಳೆಯನ್ನು ಮೇಲೆ ಕೆಳಗೆ, ಹಿಂದೆ ಮುಂದೆ, ಓರೆಯಾಗಿ ಹೇಗೆ ಬೇಕಾದರೂ ತಿರುಗಿಸಬಹುದು. ಇದರ ದೊಡ್ಡ ಲಾಭ ಇರುವುದು ಇಲ್ಲೇ: ನೀವು ಹೇಗೇ ನಿಲ್ಲಿ, ಲೆನ್ಸ್‌ನ ನಟ್ಟನಡುವನ್ನು ಕಣ್ಣಿನ ಎದುರಿಗೇ, ನೋಟಕ್ಕೆ ನೇರವಾಗಿ ತಂದು ನಿಲ್ಲಿಸಬಹುದು. ಜೊತೆಗೆ ಐರಿಸ್ ಸಿಕ್ಕಿಸಬಹುದು. ಅದು ಕ್ಯಾಮೆರಾದಲ್ಲಿ ಇರುವಂತೆಯೇ ಸಣ್ಣದು ದೊಡ್ಡದು ಮಾಡುವ ತೂತು. ಹಳ್ಳಿಯಲ್ಲಿ ಅಜ್ಜಂದಿರು ದೂರದ ಬಸ್ಸಿನ ಬೋರ್ಡ್ ಓದಲು ಮುಷ್ಟಿ ಸುತ್ತಿ ಸಣ್ಣ ಸಂದಿಯಿಂದ ನೋಡುತ್ತಿದ್ದರಲ್ಲ, ಅದೇ ಕೆಲಸ. ತೂತು ಸಣ್ಣದಾದಷ್ಟೂ ಹತ್ತಿರದ್ದು ದೂರದ್ದು ಎರಡೂ ಒಟ್ಟಿಗೆ ಚೂಪಾಗುತ್ತವೆ. ಆದರೆ ಬೆಳಕು ಕಡಿಮೆಯಾಗುತ್ತದೆ, ತೀರಾ ಕಿರಿದು ಮಾಡಿದರೆ ಕಪ್ಪು ಸೈಟು ಕಪ್ಪು ವೃತ್ತ ಎರಡೂ ಬೆರೆತುಹೋಗುತ್ತವೆ. ನಮ್ಮ ಒಳಾಂಗಣ ರೇಂಜ್‌ಗಳಲ್ಲಿ ಬೆಳಕು ಒಂದೊಂದು ಕಡೆ ಒಂದೊಂದು ಥರ, ಅದನ್ನು ನೋಡಿಕೊಂಡೇ ಐರಿಸ್ ತಿರುಗಿಸಬೇಕು.

ತೊಂದರೆಗಳೂ ಇವೆ. ಬೆಲೆ ಮೊದಲನೆಯದು, ಹೊರದೇಶದ ಫ್ರೇಮ್ ಹತ್ತು ಸಾವಿರ ದಾಟುವುದು ಮಾಮೂಲಿ, ಲೆನ್ಸ್ ಮತ್ತು ಐರಿಸ್ ಬೇರೆ. ಹೊಂದಿಸುವುದು ಇನ್ನೊಂದು ಕೆಲಸ. ಪ್ರತಿ ಸಲ ಹಾಕಿದಾಗಲೂ ಅದೇ ಜಾಗಕ್ಕೆ ಬರಬೇಕು, ಇಲ್ಲದಿದ್ದರೆ ಮೊದಲ ಹತ್ತು ನಿಮಿಷ ಇದರಲ್ಲೇ ಹೋಗುತ್ತದೆ. ಮೂರನೆಯದು ಸಿಲಿಂಡರ್ ಇರುವವರಿಗೆ, ದಯವಿಟ್ಟು ಗಮನಿಸಿ. ಗುಂಡು ಲೆನ್ಸ್ ಬಳೆಯೊಳಗೆ ತಿರುಗಿದರೆ ಆಕ್ಸಿಸ್ ಕೂಡ ತಿರುಗುತ್ತದೆ. 30 ಡಿಗ್ರಿ ತಿರುಗಿದರೆ ಸಿಲಿಂಡರ್ ಹಾಕಿಸಿದ್ದಕ್ಕೂ ಹಾಕಿಸದೇ ಇದ್ದದ್ದಕ್ಕೂ ವ್ಯತ್ಯಾಸವೇ ಇರುವುದಿಲ್ಲ. ನಾನು ಸೆಕೆಂಡ್ ಹ್ಯಾಂಡ್ ಫ್ರೇಮ್ ತಗೊಂಡು ಲೆನ್ಸ್ ಕೂರಿಸಲು ಕೊಟ್ಟಾಗ ಹೀಗೇ ಓರೆಯಾಗಿ ಕೂರಿಸಿ ಕೊಟ್ಟಿದ್ದರು. ಎರಡು ವಾರ ಫ್ರಂಟ್ ಸೈಟ್‌ನ ಮೇಲಂಚಿಗೆ ನೆರಳು ಅಂಟಿಕೊಂಡಂತೆ ಕಾಣುತ್ತಿತ್ತು, ಕಣ್ಣಿನ ನಂಬರೇ ಬದಲಾಯಿತೇನೋ ಅಂತ ಗಾಬರಿಯಾಗಿದ್ದೆ. ಕೊನೆಗೆ ಲೆನ್ಸನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಾ ನೋಡಿದೆ, ಒಂದು ಕಡೆ ಬಂದಾಗ ನೆರಳು ತಟಕ್ಕನೆ ಹೋಯಿತು. ಈಗ ಲೆನ್ಸ್ ಅಂಚಿಗೂ ಬಳೆಗೂ ಸೇರಿಸಿ ಮಾರ್ಕರ್ ಪೆನ್ನಿನಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದೇನೆ. ಹಾಕುವ ಮುಂಚೆ ಗೆರೆ ಕೂಡಿದೆಯಾ ಅಂತ ನೋಡಿಕೊಂಡರೆ ಸಾಕು.

ವಾರಕ್ಕೆ ಮೂರು ನಾಲ್ಕು ದಿನ ಹೊಡೆಯುವವರಿಗೆ, ರಾಜ್ಯ ಮಟ್ಟದ ಪಂದ್ಯಕ್ಕೆ ಹೋಗುವವರಿಗೆ, ನಂಬರ್ ಜಾಸ್ತಿ ಇರುವವರಿಗೆ ಇದು ಯೋಗ್ಯ. ಭಾನುವಾರ ಮಾತ್ರ ಬರುವವರು ಮೊದಲ ವರ್ಷ ಇದರ ತಂಟೆಗೆ ಹೋಗಬೇಡಿ.

ಕಾಂಟ್ಯಾಕ್ಟ್ ಲೆನ್ಸ್

ಕಣ್ಣು ಎತ್ತ ತಿರುಗಿದರೂ ಲೆನ್ಸ್ ಜೊತೆಗೇ ತಿರುಗುತ್ತದೆ, ಅಂಚಿನ ಸಮಸ್ಯೆಯೇ ಇಲ್ಲ. ಹೆಚ್ಚಿನ ಮೈನಸ್ ಇರುವವರಿಗೆ ಇದು ದೊಡ್ಡ ಸುಖ. ಆದರೆ ಗುರಿ ಹಿಡಿದಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ. ಎಸಿ ಹಾಲ್‌ನಲ್ಲಿ ಲೆನ್ಸ್ ಒಣಗಿ ಚಿತ್ರ ಮಂಜಾಗುತ್ತದೆ, ಮಿಟುಕಿಸಿದರೆ ಸರಿಹೋಗುತ್ತದೆ, ಮತ್ತೆ ಮಂಜು. ಸಿಲಿಂಡರ್ ಇರುವ ಟೋರಿಕ್ ಲೆನ್ಸ್ ಮಿಟುಕಿಸಿದ ಮೇಲೆ ತನ್ನ ಜಾಗಕ್ಕೆ ಬಂದು ಕೂರಲು ಒಂದು ಕ್ಷಣ ಬೇಕು, ಆ ಕ್ಷಣವೇ ಟ್ರಿಗರ್ ಒತ್ತುವ ಹೊತ್ತಾಗಿರುತ್ತದೆ. ದೂರದ ನಂಬರಿನ ಕಾಂಟ್ಯಾಕ್ಟ್ ಹಾಕಿ, ಮೇಲೆ ಬರೀ +0.50 ಪವರಿನ ಕನ್ನಡಕ ಹಾಕುವವರಿದ್ದಾರೆ. ಇದು ಜಾಣ ದಾರಿ, ಕಣ್ಣಿಗೆ ರಕ್ಷಣೆಯೂ ಆಯಿತು. ಒಂದು ಎಚ್ಚರ: ಪೆಲೆಟ್ ಸೀಸದ್ದು. ಅದನ್ನು ಮುಟ್ಟಿದ ಕೈಯಲ್ಲಿ ಕಾಂಟ್ಯಾಕ್ಟ್ ತೆಗೆಯುವುದು, ಹಾಕುವುದು ಮಾಡಲೇಬೇಡಿ. ಸೋಪು ಹಾಕಿ ಚೆನ್ನಾಗಿ ಕೈ ತೊಳೆದ ಮೇಲೇ ಕಣ್ಣಿನ ಹತ್ತಿರ ಬೆರಳು ಹೋಗಬೇಕು.

ಲೆನ್ಸ್ ಯಾವುದರಿಂದ ಮಾಡಿದ್ದು

ಗಾಜು ಬೇಡವೇ ಬೇಡ. ಏರ್ ಪಿಸ್ತೂಲ್ ಆದರೂ ಪೆಲೆಟ್ ಚೂರು ಲೋಹಕ್ಕೆ ಬಡಿದು ಹಿಂದಕ್ಕೆ ಚಿಮ್ಮಬಹುದು. .22 (ಮದ್ದಿನ ಗುಂಡಿನ ಪಿಸ್ತೂಲ್) ಹೊಡೆಯುವವರಿಗಂತೂ ಪಕ್ಕದ ಲೇನ್‌ನಿಂದ ಬಿಸಿ ಖಾಲಿ ಕಾಡತೂಸು ಹಾರಿ ಬರುತ್ತದೆ. ಪಾಲಿಕಾರ್ಬೊನೇಟ್ ಗಟ್ಟಿ, ಸುಲಭಕ್ಕೆ ಒಡೆಯುವುದಿಲ್ಲ. ಅಂಚಿನಲ್ಲಿ ಸ್ವಲ್ಪ ಬಣ್ಣದ ಗೆರೆ ಕಾಣುತ್ತದೆ, ಮಾಮೂಲಿ ಪ್ಲಾಸ್ಟಿಕ್ ಲೆನ್ಸ್‌ನಷ್ಟು ತಿಳಿಯಾಗಿರುವುದಿಲ್ಲ, ಆದರೂ ನಾನು ಪಾಲಿಕಾರ್ಬೊನೇಟನ್ನೇ ಆರಿಸುತ್ತೇನೆ. ಕಣ್ಣು ಹೋದರೆ ಸ್ಕೋರ್ ಯಾರಿಗೆ ಬೇಕು? ಶೂಟಿಂಗ್ ಫ್ರೇಮಿನ ಪುಟ್ಟ ಲೆನ್ಸ್ ಕಣ್ಣಿನ ಸುತ್ತ ಏನನ್ನೂ ಮುಚ್ಚುವುದಿಲ್ಲ ಅನ್ನುವುದು ನೆನಪಿರಲಿ. ಮದ್ದಿನ ಪಿಸ್ತೂಲ್ ಹೊಡೆಯುವಾಗ ಪಕ್ಕವೂ ಮುಚ್ಚುವ ಸೇಫ್ಟಿ ಕನ್ನಡಕ ಇರಲೇಬೇಕು, ನಂಬರ್ ಕನ್ನಡಕದ ಮೇಲೆ ಹಾಕುವಂಥದ್ದೂ ಸಿಗುತ್ತದೆ. ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಹಾಕಿಸಿ, ಹಿಂದಿನ ಟ್ಯೂಬ್‌ಲೈಟ್ ಲೆನ್ಸ್‌ನಲ್ಲಿ ಹೊಳೆಯುವುದು ನಿಲ್ಲುತ್ತದೆ. ಒಳಾಂಗಣಕ್ಕೆ ಬಣ್ಣದ ಲೆನ್ಸ್ ಬೇಡ. ಬಿಸಿಲಿಗೆ ತಾನಾಗೇ ಕಪ್ಪಾಗುವ ಲೆನ್ಸ್ ಹೊರಾಂಗಣ ರೇಂಜ್‌ನಲ್ಲಿ ಮೋಡ ಬಂದಾಗೆಲ್ಲ ಬದಲಾಗುತ್ತಿರುತ್ತದೆ, ಅದೂ ಬೇಡ.

ಇನ್ನೊಂದು ಕಣ್ಣನ್ನು ಏನು ಮಾಡುವುದು? ಮುಚ್ಚಿಕೊಳ್ಳಬೇಡಿ, ಮುಖದ ಸ್ನಾಯು ಬಿಗಿಯುತ್ತದೆ. ಕಪ್ಪು ಪಟ್ಟಿಯನ್ನೂ ಹಾಕಬೇಡಿ. ಎರಡೂ ಕಣ್ಣಿನ ಪಾಪೆ ಒಟ್ಟಿಗೇ ಹಿಗ್ಗಿ ಕುಗ್ಗುತ್ತವೆ, ಒಂದು ಕಣ್ಣಿಗೆ ಕತ್ತಲು ಮಾಡಿದರೆ ಗುರಿಯ ಕಣ್ಣಿನ ಪಾಪೆಯೂ ದೊಡ್ಡದಾಗಿ ಫ್ರಂಟ್ ಸೈಟ್ ಇನ್ನಷ್ಟು ಮಸುಕಾಗುತ್ತದೆ. ಬೆಳಕು ಒಳಗೆ ಬರಬೇಕು, ಚಿತ್ರ ಮಾತ್ರ ಕಾಣಬಾರದು. ಆ ಕಡೆಯ ಲೆನ್ಸ್ ಮೇಲೆ ಹಾಲುಬಣ್ಣದ ಟೇಪ್ ಅಥವಾ ಬಟರ್ ಪೇಪರ್ ತುಂಡು ಅಂಟಿಸಿದರೆ ಆಯಿತು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದ ಪ್ರಕಾರ ಪಂದ್ಯದಲ್ಲಿ ಇದರ ಅಗಲ 30 ಮಿ.ಮೀ. ಮೀರಬಾರದು, ಈಗಿನಿಂದಲೇ ಅಷ್ಟಕ್ಕೇ ಕತ್ತರಿಸಿಕೊಳ್ಳಿ. ಲೆನ್ಸನ್ನು ಪಿಸ್ತೂಲಿಗೆ ಅಂಟಿಸುವುದಕ್ಕೂ ಅದೇ ನಿಯಮ ಒಪ್ಪುವುದಿಲ್ಲ, ಮುಖದ ಮೇಲೇ ಇರಬೇಕು.

ಕಣ್ಣಿನ ಪೊರೆ ಆಪರೇಷನ್ ಆದವರ ವಿಷಯ ಬೇರೆ. ಒಳಗೆ ಕೂರಿಸಿದ ಮಾಮೂಲಿ ಲೆನ್ಸ್ ಒಂದೇ ದೂರಕ್ಕೆ ನಿಂತುಬಿಟ್ಟಿರುತ್ತದೆ, ಕಣ್ಣು ತಾನಾಗಿ ಏನನ್ನೂ ಹೊಂದಿಸಿಕೊಳ್ಳಲಾರದು. ನಮ್ಮ ರೇಂಜ್‌ಗೆ ಬರುವ 63ರ ಹಿರಿಯರೊಬ್ಬರಿಗೆ +0.50 ಸಾಲಲಿಲ್ಲ, +0.75ಕ್ಕೆ ಫ್ರಂಟ್ ಸೈಟ್ ಬಂತು. ಲಾಲ್‌ಬಾಗ್‌ನಲ್ಲಿ ಮೊದಲ ಸಲ ಫಲಪುಷ್ಪ ಪ್ರದರ್ಶನ ನೋಡಿದ ಮಕ್ಕಳ ಹಾಗೆ ಅವತ್ತು ಅವರು ಪಿಸ್ತೂಲ್ ಇಳಿಸದೆ ಸೈಟನ್ನೇ ನೋಡುತ್ತಾ ನಿಂತಿದ್ದರು.

ಕೊನೆಯದಾಗಿ, ಅಂಗಡಿಯಲ್ಲಿ ಪರೀಕ್ಷೆ ಮಾಡಿಸುವ ಬಗೆ. ಪಿಸ್ತೂಲ್ ಅಂಗಡಿಗೆ ಒಯ್ಯುವ ಹಾಗಿಲ್ಲ. ರೇಂಜ್‌ನಲ್ಲೇ ನಿಮ್ಮ ಭಂಗಿಯಲ್ಲಿ, ಪೆಲೆಟ್ ಹಾಕದ ಪಿಸ್ತೂಲ್ ಹಿಡಿದು ನಿಂತು, ಕಣ್ಣಿನ ಪಕ್ಕದಿಂದ ಫ್ರಂಟ್ ಸೈಟ್‌ವರೆಗೆ ಯಾರಿಂದಲಾದರೂ ಟೇಪಿನಲ್ಲಿ ಅಳತೆ ತೆಗೆಸಿ. ನಾನು ಮಾಡಿದ್ದು ಹೀಗೆ: ಬಟ್ಟೆ ಅಂಗಡಿಯ ಮೀಟರ್ ಕೋಲಿನ 90ನೇ ಸೆಂಟಿಮೀಟರ್‌ನಲ್ಲಿ ನಾಲ್ಕೂವರೆ ಮಿ.ಮೀ. ಅಗಲದ ಕಪ್ಪು ರಟ್ಟಿನ ತುಂಡು ನಿಲ್ಲಿಸಿ ಅಂಟಿಸಿದೆ. ಬಿಳಿ ಹಾಳೆಯ ಮೇಲೆ ನೀರಿನ ಬಾಟಲಿಯ ಮುಚ್ಚಳ ಇಟ್ಟು ಗೆರೆ ಎಳೆದು ಕಪ್ಪು ತುಂಬಿದೆ. ಸುಮಾರು 3 ಸೆಂ.ಮೀ. ಆಗುವ ಆ ವೃತ್ತ 5 ಮೀಟರ್ ದೂರದಲ್ಲಿ, 10 ಮೀಟರ್‌ನ ನಿಜವಾದ ಕಪ್ಪು ವೃತ್ತದಷ್ಟೇ ಕಾಣುತ್ತದೆ. ಕೋಲಿನ ಈಚೆ ತುದಿಯನ್ನು ಕೆನ್ನೆಯ ಮೂಳೆಗೆ ತಾಗಿಸಿ ಹಿಡಿದು, ಟ್ರಯಲ್ ಫ್ರೇಮಿನಲ್ಲಿ (ಅಂಗಡಿಯಲ್ಲಿ ಲೆನ್ಸ್ ಬದಲಾಯಿಸಿ ಪರೀಕ್ಷಿಸುವ ಫ್ರೇಮ್) ದೂರದ ನಂಬರ್ ಮೇಲೆ +0.25, +0.50, +0.75 ಒಂದೊಂದಾಗಿ ಹಾಕಿಸಿಕೊಂಡೆ. ರಟ್ಟಿನ ಅಂಚು ಚೂಪಾಗಿ, ವೃತ್ತ ಇನ್ನೂ ಗುಂಡಗೆ ಉಳಿಯುವ ಅತಿ ಕಡಿಮೆ ಪವರ್ ಯಾವುದೋ ಅದೇ ನಿಮ್ಮದು. ಅದು ಸಿಕ್ಕ ಮೇಲೆ ಒಂದೇ ನಿಮಿಷಕ್ಕೆ ಎದ್ದು ಬರಬೇಡಿ, ಅದರಲ್ಲೇ ಐದು ನಿಮಿಷ ನೋಡುತ್ತಾ ಕೂತಿರಿ, ಕಣ್ಣು ದಣಿದ ಮೇಲೂ ಅಂಚು ನಿಂತರೆ ಮಾತ್ರ ಲೆನ್ಸ್‌ಗೆ ಆರ್ಡರ್ ಕೊಡಿ. ಚೀಟಿಯಲ್ಲಿ “ಬಲಗಣ್ಣು, ದೂರದ ನಂಬರ್ ಜೊತೆ +0.50, ಸಿಂಗಲ್ ವಿಷನ್, ಪಾಲಿಕಾರ್ಬೊನೇಟ್” ಅಂತ, +0.50 ಜಾಗದಲ್ಲಿ ನಿಮಗೆ ಸಿಕ್ಕ ಪವರ್ ಹಾಕಿ, ಸ್ಪಷ್ಟವಾಗಿ ಬರೆಸಿ. ಎಡಗಣ್ಣಿನಲ್ಲಿ ಗುರಿ ಹಿಡಿಯುವವರಾದರೆ ಕಣ್ಣು ಬದಲಾಯಿಸಿ ಬರೆಸಲು ಮರೆಯಬೇಡಿ.